ಏಳು ಜನಕ್ಕೆ ನಾಲ್ಕೇ ವಡೆ: 571428ನ್ನು ಬಿಚ್ಚಿ ನೋಡುವುದು ಹೇಗೆ

ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಬರುತ್ತಿದ್ದೆವು. ಏಳು ಜನ. ಮದ್ದೂರು ಸ್ಟೇಷನ್ ಬಂತು, ವಡೆ ಮಾರುವವರು ಹತ್ತಿದರು, ನಮ್ಮ ಬೋಗಿಗೆ ಬರುವಷ್ಟರಲ್ಲಿ ಅವರ ಹತ್ತಿರ ಉಳಿದಿದ್ದು ನಾಲ್ಕೇ ವಡೆ. ಪೇಪರಿನಲ್ಲಿ ಸುತ್ತಿ ಕೊಟ್ಟರು, ಎಣ್ಣೆ ಆಗಲೇ ಪೇಪರಿಗೆ ಇಳಿದಿತ್ತು. ಒಬ್ಬೊಬ್ಬರಿಗೆ ಎಷ್ಟು ಬರುತ್ತದೆ ನೋಡೋಣ ಅಂತ ನಾನು ಸುಮ್ನೆ ಫೋನಿನಲ್ಲಿ 4 ÷ 7 ಒತ್ತಿದೆ. 0.571428571428 ಅಂತ ಬಂತು. ಪಕ್ಕದಲ್ಲಿದ್ದ ಮದ್ದೂರಿನ ಗೆಳೆಯ ಇಣುಕಿ ನೋಡಿ, “ಲೇ, ಇದು ನಮ್ಮೂರ ಪಿನ್ ಕೋಡ್ ಕಣ್ಲಾ!” ಅಂದ.

ಹೌದು, ಮದ್ದೂರಿನ ಪಿನ್ ಕೋಡ್ 571428. ಇದನ್ನು ಯಾರೂ ಲೆಕ್ಕ ಹಾಕಿ ಇಟ್ಟಿದ್ದಲ್ಲ. ಪಿನ್ ಕೋಡ್ ಪದ್ಧತಿ ಶುರುವಾಗಿದ್ದು 1972ರ ಆಗಸ್ಟ್ 15ರಂದು. ಮೊದಲ ಅಂಕಿ 5 ಅಂದರೆ ಕರ್ನಾಟಕ, ಆಂಧ್ರ, ತೆಲಂಗಾಣದ ವಲಯ. ಮೊದಲ ಮೂರು ಅಂಕಿ ಸೇರಿದರೆ ಟಪಾಲು ವಿಂಗಡಿಸುವ ಜಿಲ್ಲೆ. ಕೊನೆಯ ಮೂರು ಅಂಕಿ ಅಂಚೆ ಕಚೇರಿಯದು. ಮಂಡ್ಯಕ್ಕೆ 571401, ಕೆ.ಆರ್. ಪೇಟೆಗೆ 571426, ಮಳವಳ್ಳಿಗೆ 571430 ಹಂಚುತ್ತಾ ಬಂದಾಗ ಮದ್ದೂರಿನ ಪಾಲಿಗೆ ಈ ಸಂಖ್ಯೆ ಬಿತ್ತು, ಅಷ್ಟೇ. ಲಾಟರಿ ಹೊಡೆದ ಹಾಗೆ.

ಅವತ್ತಿನಿಂದ ಈ ಸಂಖ್ಯೆ ನನ್ನ ತಲೆ ಬಿಟ್ಟಿಲ್ಲ. ಒಂದು ಸಂಖ್ಯೆಯನ್ನು ಕೈಗೆ ತೆಗೆದುಕೊಂಡು, ಒಳಗೆ ಏನೇನಿದೆ ಅಂತ ಬಿಚ್ಚಿ ನೋಡುವುದು ಹೇಗೆ ಅನ್ನುವುದನ್ನು ಇದನ್ನೇ ಇಟ್ಟುಕೊಂಡು ಹೇಳುತ್ತೇನೆ. ಬೇಕಾಗಿರುವುದು ಒಂದು ಹಾಳೆ, ಒಂದು ಪೆನ್ನು, ಫೋನಿನ ಕ್ಯಾಲ್ಕುಲೇಟರ್. ಏಳರ ಮಗ್ಗಿ ಬರಬೇಕು. ಐದು ಲಕ್ಷದ ಎಪ್ಪತ್ತೊಂದು ಸಾವಿರ ಚಿಲ್ಲರೆ ಏನು ದೊಡ್ಡ ಸಂಖ್ಯೆ ಅಂತ ನಗುವವರು ನಗಲಿ. 2024ರ ಅಕ್ಟೋಬರಿನಲ್ಲಿ ಸಿಕ್ಕ ದೊಡ್ಡ ಅವಿಭಾಜ್ಯ ಸಂಖ್ಯೆಯಲ್ಲಿ 4 ಕೋಟಿಗೂ ಜಾಸ್ತಿ ಅಂಕಿಗಳಿವೆ. ಅದನ್ನು ಹಾಳೆಯ ಮೇಲೆ ಬಿಚ್ಚುವುದಕ್ಕೆ ಆಗುವುದಿಲ್ಲ. ಇದನ್ನು ಬಿಚ್ಚಬಹುದು.

ಮೊದಲು ವಡೆ ಹಂಚಿ

ಕ್ಯಾಲ್ಕುಲೇಟರ್ ಪಕ್ಕಕ್ಕಿಡಿ. ಈ ಭಾಗಾಕಾರವನ್ನು ಕೈಯಲ್ಲೇ ಮಾಡಬೇಕು, ಇಲ್ಲದಿದ್ದರೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ.

ನಾಲ್ಕು ವಡೆ ಇದೆ, ಏಳು ಜನ ಇದ್ದಾರೆ. ಇಡೀ ವಡೆ ಯಾರಿಗೂ ಸಿಗುವುದಿಲ್ಲ. ಪ್ರತಿ ವಡೆಯನ್ನೂ ಹತ್ತು ಚೂರು ಮಾಡಿ. 40 ಚೂರಾಯಿತು. ತಲಾ 5 ಚೂರು ಕೊಟ್ಟರೆ 35 ಹೋಯಿತು, 5 ಉಳಿಯಿತು. ಆ ಐದನ್ನು ಮತ್ತೆ ಹತ್ತತ್ತು ಚೂರು ಮಾಡಿ. 50 ಆಯಿತು. ತಲಾ 7 ಕೊಟ್ಟರೆ 49 ಹೋಗಿ 1 ಉಳಿಯಿತು. ಅದನ್ನು ಹತ್ತು ಮಾಡಿ, ತಲಾ 1, ಉಳಿದಿದ್ದು 3. ಅದು 30, ತಲಾ 4, ಉಳಿದಿದ್ದು 2. ಅದು 20, ತಲಾ 2, ಉಳಿದಿದ್ದು 6. ಅದು 60, ತಲಾ 8, ಉಳಿದಿದ್ದು 4. ಈಗ ಇವು ವಡೆಯ ಚೂರಲ್ಲ, ಪುಡಿ. ಆದರೂ ಗಮನಿಸಿ, ಕೈಯಲ್ಲಿರುವುದು ಮತ್ತೆ ನಾಲ್ಕು, ಎದುರಿಗಿರುವುದು ಅದೇ ಏಳು ಜನ. ಅಂದರೆ ಹೊರಟ ಜಾಗಕ್ಕೇ ವಾಪಸ್ ಬಂದಿದ್ದೀರಿ. ಇಲ್ಲಿಂದ ಮುಂದೆ 5, 7, 1, 4, 2, 8 ಅಂತ ಅದೇ ಸುತ್ತು ಶುರು, ಕೊನೆಯೇ ಇಲ್ಲ.

ಉಳಿಕೆಗಳನ್ನು ಮಾತ್ರ ಸಾಲಾಗಿ ಬರೆದುಕೊಳ್ಳಿ: 4, 5, 1, 3, 2, 6. ಒಂದರಿಂದ ಆರರವರೆಗಿನ ಎಲ್ಲವೂ ಒಂದೊಂದು ಸಲ ಬಂದಿವೆ, ಯಾವುದೂ ತಪ್ಪಿಲ್ಲ. ಏಳರಿಂದ ಭಾಗಿಸುವಾಗ ಉಳಿಯಬಹುದಾದದ್ದು ಇವೇ ಆರು, ಸೊನ್ನೆ ಉಳಿದರೆ ಲೆಕ್ಕವೇ ಮುಗಿಯಿತು. ಹಾಗಾಗಿ ಸುತ್ತು ಆರಕ್ಕಿಂತ ಉದ್ದವಿರುವುದಕ್ಕೆ ಸಾಧ್ಯವೇ ಇಲ್ಲ. ನಮಗೆ ಸಿಕ್ಕಿದ್ದು ಪೂರ್ತಿ ಆರು.

ಎಲ್ಲಾ ಸಂಖ್ಯೆಗೂ ಹೀಗಾಗುವುದಿಲ್ಲ. ಏಳರ ಬದಲು 13 ಜನ ಇದ್ದಿದ್ದರೆ ಹನ್ನೆರಡು ಉಳಿಕೆಗಳು ಆರಾರರ ಎರಡು ಬೇರೆ ಬೇರೆ ಸುತ್ತುಗಳಾಗಿ ಒಡೆಯುತ್ತವೆ. 17 ಜನ ಇದ್ದರೆ ಮಾತ್ರ ಮತ್ತೆ ಪೂರ್ತಿ ಸುತ್ತು, 16 ಅಂಕಿಯದು. 19, 23, 29ಕ್ಕೂ ಪೂರ್ತಿ. ಇಂಥ ಪೂರ್ತಿ ಸುತ್ತಿನ ಅವಿಭಾಜ್ಯಗಳು ಲೆಕ್ಕವಿಲ್ಲದಷ್ಟು ಇರಬೇಕು ಅಂತ ಗಣಿತಜ್ಞ ಎಮಿಲ್ ಆರ್ಟಿನ್ 1927ರಲ್ಲಿ ಹೇಳಿದ್ದಕ್ಕೆ ಇವತ್ತಿಗೂ ಪೂರ್ತಿ ಸಾಧನೆ ಸಿಕ್ಕಿಲ್ಲ. ನಾಲ್ಕು ವಡೆಯಿಂದ ಅಲ್ಲಿಯವರೆಗೆ ಹೋಗಬಹುದು, ನೋಡಿ.

ಆಮೇಲೆ ಅಂಕಿಗಳನ್ನು ಉಂಗುರ ಮಾಡಿ

ಹಾಳೆಯ ಮೇಲೆ ಒಂದು ದುಂಡು ಗೆರೆ ಎಳೆದು, ಗಡಿಯಾರದ ಹಾಗೆ ಆರು ಅಂಕಿ ಬರೆಯಿರಿ: 5, 7, 1, 4, 2, 8. ಈಗ ಎದುರುಬದುರು ಇರುವ ಅಂಕಿಗಳನ್ನು ಕೂಡಿ. 5ರ ಎದುರು 4. 7ರ ಎದುರು 2. 1ರ ಎದುರು 8. ಮೂರೂ ಒಂಬತ್ತು! ಫ್ರಾನ್ಸಿನ ಮಿಡಿ ಅನ್ನುವವರು 1836ರಲ್ಲಿ ಇದನ್ನು ಸಾಧಿಸಿ ತೋರಿಸಿದರು. ಕಾರಣ ನಮ್ಮ ಉಳಿಕೆಗಳಲ್ಲೇ ಇದೆ. ಅವನ್ನೂ ಹಾಗೇ ದುಂಡಗೆ ಬರೆದರೆ 4ರ ಎದುರು 3, 5ರ ಎದುರು 2, 1ರ ಎದುರು 6 ಬರುತ್ತವೆ, ಪ್ರತಿ ಜೋಡಿಯೂ ಏಳು. ಒಂದು ಕಡೆ ನಾಲ್ಕು ವಡೆ ಹಂಚಿ, ಇನ್ನೊಂದು ಕಡೆ ಮೂರು ವಡೆ ಹಂಚಿದರೆ ಒಟ್ಟು ಏಳು ವಡೆ, ಏಳು ಜನ, ತಲಾ ಒಂದು ಅಲ್ವಾ? ಆ ಒಂದೇ 0.999999 ಅಂತ ವೇಷ ಹಾಕಿಕೊಂಡು ಬಂದಿರುವುದು.

ಉಂಗುರದ ಯಾವ ಅಂಕಿಯಿಂದ ಓದಲು ಶುರು ಮಾಡಿದರೂ ಒಂದೊಂದು ಸಂಖ್ಯೆ ಸಿಗುತ್ತದೆ. ಚಿಕ್ಕದರಿಂದ ಜೋಡಿಸಿದರೆ 142857, 285714, 428571, 571428, 714285, 857142. ಇವು ಬೇರೆ ಏನೂ ಅಲ್ಲ, 142857ರ ಮಗ್ಗಿ, ಒಂದರಿಂದ ಆರರವರೆಗೆ. ಏಳರಿಂದ ಗುಣಿಸಿದರೆ 999999. ಮದ್ದೂರಿನದು ಈ ಮಗ್ಗಿಯಲ್ಲಿ ನಾಲ್ಕನೆಯದು. 142857ರ ಹೆಸರು ಗಣಿತದ ಹುಚ್ಚಿರುವವರೆಲ್ಲ ಕೇಳಿರುತ್ತಾರೆ, ಅದು ಪ್ರಸಿದ್ಧ. ಆದರೆ ಅದರ ಅಣ್ಣ ಮಂಡ್ಯ ಜಿಲ್ಲೆಯಲ್ಲಿ ಅಂಚೆ ಚೀಲದ ಮೇಲೆ ಓಡಾಡುತ್ತಿರುವುದು ಯಾರಿಗೂ ಗೊತ್ತಿಲ್ಲ.

ಈಗ ಒಂದು ಆಟ. ಇದಕ್ಕೆ ನಾನು ‘ಮಡಚುವುದು’ ಅಂತ ಹೆಸರಿಟ್ಟುಕೊಂಡಿದ್ದೇನೆ. 571428ನ್ನು ನಿಮಗಿಷ್ಟ ಬಂದ ಸಂಖ್ಯೆಯಿಂದ ಗುಣಿಸಿ. ಬಂದ ಉತ್ತರದಲ್ಲಿ ಬಲಗಡೆಯ ಆರು ಅಂಕಿ ಬಿಟ್ಟು, ಎಡಗಡೆ ಮಿಕ್ಕಿದ್ದನ್ನು ಕತ್ತರಿಸಿ, ಆ ಆರು ಅಂಕಿಗೆ ಕೂಡಿ. ಮೈಸೂರಿನ ಎಸ್‌ಟಿಡಿ ಕೋಡ್ 0821 ಅಲ್ವಾ, ಅದನ್ನೇ ತೆಗೆದುಕೊಳ್ಳೋಣ. 571428 × 821 = 469142388. ಎಡಗಡೆ 469, ಬಲಗಡೆ 142388. ಕೂಡಿದರೆ 142857. ಉಂಗುರ ತಿರುಗಿತು, ಒಡೆಯಲಿಲ್ಲ!

ಮಂಡ್ಯದ ಕೋಡ್ 08232. ಅದನ್ನೂ ಮಾಡಿ ನೋಡಿ. 571428 × 8232 = 4703995296. ಎಡಗಡೆ 4703, ಬಲಗಡೆ 995296. ಕೂಡಿದರೆ 999999. ಇದನ್ನು ಮೊದಲ ಸಲ ಮಾಡಿದಾಗ ಎಲ್ಲೋ ತಪ್ಪಾಗಿರಬೇಕು ಅಂದುಕೊಂಡು ಎರಡು ಸಲ ಒತ್ತಿ ನೋಡಿದೆ. ತಪ್ಪಿಲ್ಲ. 8232 ಏಳರಿಂದ ಸರಿಯಾಗಿ ಭಾಗವಾಗುತ್ತದೆ, ಅದಕ್ಕೇ ಒಂಬತ್ತುಗಳು. ಏಳರಿಂದ ಭಾಗವಾಗದ ಯಾವ ಸಂಖ್ಯೆಯಿಂದ ಗುಣಿಸಿದರೂ ಉಂಗುರದ ಆರು ರೂಪಗಳಲ್ಲಿ ಒಂದು ಬಂದೇ ಬರುತ್ತದೆ. ತುಂಬಾ ದೊಡ್ಡ ಸಂಖ್ಯೆಯಿಂದ ಗುಣಿಸಿದ್ದರೆ ಎರಡು ಮೂರು ಸಲ ಮಡಚಬೇಕಾಗಬಹುದು.

ಯಾಕೆ ಹೀಗೆ? ಹತ್ತು ಲಕ್ಷ ಅಂದರೆ 999999 ಮತ್ತು ಮೇಲೊಂದು. ಎಡಗಡೆ ಕತ್ತರಿಸಿದ 469 ಅಂದರೆ 469 ಹತ್ತು ಲಕ್ಷ. ಒಂದೊಂದು ಹತ್ತು ಲಕ್ಷದಿಂದಲೂ 999999 ಬಿಸಾಕಿದರೆ ಉಳಿಯುವುದು ಒಂದೊಂದೇ, ಒಟ್ಟು 469. ನಾವು ಮಡಚುವಾಗ ಮಾಡುತ್ತಿರುವುದು 999999ರ ಗಂಟುಗಳನ್ನು ಬಿಸಾಕುವುದು ಮಾತ್ರ. 999999 ಅಂದರೆ ಏಳು 142857. ಹಾಗಾಗಿ ಮಿಕ್ಕಿದ್ದು 142857ರ ಮಗ್ಗಿಯೊಳಗೇ ಬಿದ್ದಿರಬೇಕು, ಬೇರೆ ಎಲ್ಲಿಗೆ ಹೋಗುತ್ತದೆ?

ನಡುವಿನಲ್ಲಿ ಒಂದು ಮಾತು. ಇಂಥ ಅಂಕಿಗಳ ಅಂದಕ್ಕೆ ಮರುಳಾದವರಲ್ಲಿ ನಾವೇ ಮೊದಲಿಗರಲ್ಲ. ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರೆದ. ಅದರಲ್ಲಿ ಹಾರದ ಹಾಗೆ ಕಾಣುವ ಗುಣಲಬ್ಧಗಳ ಲೆಕ್ಕಗಳಿವೆ. ಅದರಲ್ಲೊಂದು 142857143 × 7. ಮಾಡಿ ನೋಡಿ, 1000000001 ಬರುತ್ತದೆ. ಎರಡು ತುದಿಯಲ್ಲಿ ಒಂದೊಂದು, ನಡುವೆ ಸೊನ್ನೆಗಳ ಸರ. ನಮ್ಮ ಉಂಗುರ ಅಲ್ಲಿ ಆಗಲೇ ಇಣುಕಿದೆ.

ಮೂರನೆಯದು: ಅರ್ಧಕ್ಕೆ ಮುರಿಯುವುದು

ಒಂದು ಸಂಖ್ಯೆಯ ಒಳಗೆ ಯಾವ ಅವಿಭಾಜ್ಯಗಳಿವೆ ಅಂತ ಹುಡುಕುವುದಕ್ಕೆ ಶಾಲೆಯಲ್ಲಿ 2ರಿಂದ ಹೋಗುತ್ತಾ, 3ರಿಂದ ಹೋಗುತ್ತಾ ಅಂತ ಒಂದೊಂದೇ ಭಾಗಿಸುವುದನ್ನು ಹೇಳಿಕೊಟ್ಟಿರುತ್ತಾರೆ. ಅದು ಸರಿಯಾದ ದಾರಿಯೇ, ಆದರೆ ಆರು ಅಂಕಿಯ ಸಂಖ್ಯೆಗೆ ಮೊದಲು ಇನ್ನೊಂದು ಕೆಲಸ ಮಾಡಿ. ಮಧ್ಯಕ್ಕೆ ಮುರಿಯಿರಿ. 571 ಮತ್ತು 428.

ಕೂಡಿ: 571 + 428 = 999. ಹಾಗಾದರೆ ಇಡೀ ಸಂಖ್ಯೆ 999ರಿಂದ ಭಾಗವಾಗುತ್ತದೆ. 999 ಅಂದರೆ 27 × 37.

ಕಳೆಯಿರಿ: 571 − 428 = 143. ಈ ವ್ಯತ್ಯಾಸ 7, 11, 13ರಲ್ಲಿ ಯಾವುದರಿಂದ ಹೋಗುತ್ತದೋ ಇಡೀ ಸಂಖ್ಯೆಯೂ ಅದರಿಂದ ಹೋಗುತ್ತದೆ, ಯಾಕೆಂದರೆ 1001 = 7 × 11 × 13. ನಮ್ಮ 143 ಅಂದರೆ 11 × 13. ಏಳಕ್ಕೆ ಜಾಗವಿಲ್ಲ.

ಕೊನೆಯ ಎರಡು ಅಂಕಿ 28, ನಾಲ್ಕರಿಂದ ಹೋಗುತ್ತದೆ. ಕೊನೆಯ ಮೂರು 428, ಎಂಟರಿಂದ ಹೋಗುವುದಿಲ್ಲ. ಅಲ್ಲಿಗೆ ಎರಡರ ಕಥೆಯೂ ಮುಗಿಯಿತು.

ಎಲ್ಲಾ ಸೇರಿಸಿ: 571428 = 2 × 2 × 3 × 3 × 3 × 11 × 13 × 37. ಕ್ಯಾಲ್ಕುಲೇಟರಿನಲ್ಲಿ ಗುಣಿಸಿ ಖಾತ್ರಿ ಮಾಡಿಕೊಳ್ಳಿ.

ನನಗೆ ಇದಕ್ಕಿಂತ ಇಷ್ಟವಾದದ್ದು ಇದೇ ವಿಷಯವನ್ನು ಹೇಳುವ ಇನ್ನೊಂದು ದಾರಿ. 572 ಸಾವಿರದಿಂದ 572 ಕಳೆಯಿರಿ. 572000 − 572 = 571428. ಅಂದರೆ ಇದು 572 × 999. ಇಷ್ಟೇ! ನೂರಾರು ಸಲ ವಿಳಾಸದಲ್ಲಿ ಬರೆದ ಸಂಖ್ಯೆ ಹೀಗೆ ಎರಡು ತುಂಡಾಗಿ ಕೈಗೆ ಬಂದಾಗ ನಾನು ಹಾಳೆಯನ್ನು ಸ್ವಲ್ಪ ಹೊತ್ತು ಸುಮ್ಮನೆ ನೋಡುತ್ತಾ ಕೂತಿದ್ದೆ.

ಆಮೇಲೆ ಭಾಜಕಗಳ ಎಣಿಕೆ

ಅಪವರ್ತನ ಸಿಕ್ಕಮೇಲೆ ಉಳಿದದ್ದೆಲ್ಲ ಸಲೀಸು. ಎಷ್ಟು ಸಂಖ್ಯೆಗಳು 571428ನ್ನು ಸರಿಯಾಗಿ ಭಾಗಿಸುತ್ತವೆ? ಒಂದೊಂದನ್ನೇ ಹುಡುಕಿಕೊಂಡು ಹೋಗಬೇಡಿ. ಒಂದು ಭಾಜಕ ಕಟ್ಟುವಾಗ ಎರಡನ್ನು ಹಾಕದೇ ಇರಬಹುದು, ಒಂದು ಸಲ ಹಾಕಬಹುದು, ಎರಡು ಸಲ ಹಾಕಬಹುದು. ಒಟ್ಟು ಮೂರು ಬಗೆ. ಮೂರಕ್ಕೆ ಹಾಗೇ ನಾಲ್ಕು ಬಗೆ. 11, 13, 37ಕ್ಕೆ ತಲಾ ಎರಡು ಬಗೆ, ಹಾಕು ಇಲ್ಲ ಬಿಡು. 3 × 4 × 2 × 2 × 2 = 96.

ತೊಂಬತ್ತಾರು ಭಾಜಕ ಅಂದರೆ 48 ಜೋಡಿ. ವಡೆ ಭಾಷೆಯಲ್ಲಿ ಹೇಳಬೇಕು ಅಂದರೆ, 571428 ವಡೆಗಳನ್ನು ಒಂದೂ ಮಿಗದ ಹಾಗೆ ಉದ್ದ-ಅಗಲದ ಸಾಲುಗಳಲ್ಲಿ ಜೋಡಿಸುವುದಕ್ಕೆ 48 ಬಗೆ ಇವೆ. ಅದರಲ್ಲಿ ಚೌಕಕ್ಕೆ ಹತ್ತಿರವಾಗಿರುವುದು 702 × 814. ಪೂರ್ತಿ ಚೌಕ ಆಗುವುದಿಲ್ಲ, ಯಾಕೆಂದರೆ 11, 13, 37 ಜೊತೆಯಿಲ್ಲದೆ ಒಂಟಿಯಾಗಿವೆ, ಮೂರು ಕೂಡ ಮೂರು ಸಲ ಬಂದು ಒಂದು ಮಿಕ್ಕಿದೆ. ವರ್ಗಮೂಲ 755ಕ್ಕೂ 756ಕ್ಕೂ ನಡುವೆ ಎಲ್ಲೋ ನಿಲ್ಲುತ್ತದೆ.

ಭಾಜಕಗಳನ್ನೆಲ್ಲ ಕೂಡುವುದೂ ಇದೇ ಉಪಾಯ. ಎರಡರ ಕಡೆಯಿಂದ 1 + 2 + 4 = 7. ಮೂರರ ಕಡೆಯಿಂದ 1 + 3 + 9 + 27 = 40. ಉಳಿದವು 12, 14, 38. ಎಲ್ಲಾ ಗುಣಿಸಿದರೆ 17,87,520. ಇದರಿಂದ 5,71,428ನ್ನು ಬಿಟ್ಟರೆ ಮಿಕ್ಕ ಭಾಜಕಗಳ ಮೊತ್ತ 12,16,092, ಅಂದರೆ ಆ ಸಂಖ್ಯೆಯ ಎರಡು ಪಟ್ಟಿಗಿಂತ ಜಾಸ್ತಿ. ಮನೆಯವನಿಗಿಂತ ನೆಂಟರ ಬಳಗ ದೊಡ್ಡದು ಅನ್ನುವ ಥರ.

ವರ್ಗ ಮಾಡಿ ನೋಡಿ

ಡಿ.ಆರ್. ಕಾಪ್ರೇಕರ್ (1905–1986) ಅಂತ ನಾಸಿಕ್ ಹತ್ತಿರದ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದರು. ಅಂಕಿಗಳ ಜೊತೆ ಆಡುವುದರಲ್ಲಿ ಅವರನ್ನು ಮೀರಿಸಿದವರು ಕಡಿಮೆ. 45ನ್ನು ವರ್ಗ ಮಾಡಿದರೆ 2025. ಮಧ್ಯಕ್ಕೆ ಮುರಿದು 20 + 25 ಕೂಡಿದರೆ ಮತ್ತೆ 45. ಹೀಗೆ ತನ್ನ ವರ್ಗದಿಂದ ತಾನೇ ಎದ್ದು ಬರುವ ಸಂಖ್ಯೆಗಳಿಗೆ ಈಗ ಕಾಪ್ರೇಕರ್ ಸಂಖ್ಯೆ ಅಂತಲೇ ಹೆಸರು. ನಮ್ಮ ಉಂಗುರದ ಮೊದಲನೆಯದು, 142857, ಈ ಜಾತಿಗೆ ಸೇರಿದ್ದು. ಅದರ ವರ್ಗ 20408122449. ಮಡಚಿ: 20408 + 122449 = 142857.

ಮದ್ದೂರಿನದು ಹಾಗಾಗುತ್ತದಾ? 571428ರ ವರ್ಗ 326529959184. ಮಡಚಿದರೆ 326529 + 959184 = 1285713. ಏಳಂಕಿ ಬಂತು, ಇನ್ನೊಂದು ಸಲ ಮಡಚಿ: 1 + 285713 = 285714. ಕಾಪ್ರೇಕರ್ ಆಗಲಿಲ್ಲ. ಆದರೆ ಬಂದಿರುವುದು ಏನು ನೋಡಿ, 571428ರ ಸರಿಯಾಗಿ ಅರ್ಧ! (ನಾಲ್ಕು ನಾಲ್ಕಲಿ ಹದಿನಾರು, ಏಳರಿಂದ ಭಾಗಿಸಿದರೆ ಎರಡು ಉಳಿಯುತ್ತದೆ, ಎರಡನೆಯ ಮಗ್ಗಿ ಬಂತು. ಮೇಲಿನ ಮಡಚುವ ನಿಯಮವೇ.)

ಕಾಪ್ರೇಕರ್ ಇನ್ನೊಂದು ಗುಂಪಿಗೆ ಹರ್ಷದ ಸಂಖ್ಯೆ ಅಂತ ಹೆಸರಿಟ್ಟರು, ಅಂಕಿಗಳ ಮೊತ್ತದಿಂದಲೇ ಭಾಗವಾಗುವ ಸಂಖ್ಯೆಗಳು. 5 + 7 + 1 + 4 + 2 + 8 = 27, ಅಪವರ್ತನದಲ್ಲಿ 27 ಆಗಲೇ ಇದೆ. ಇದರಲ್ಲಿ ಮದ್ದೂರು ಪಾಸು.

ಇಲ್ಲಿ ಸ್ವಲ್ಪ ನಿಲ್ಲಿ

ಇಷ್ಟು ಹೊತ್ತು ನೋಡಿದ್ದರಲ್ಲಿ ಎರಡು ಥರ ಇವೆ, ಇವನ್ನು ಬೆರೆಸಬಾರದು. ಸುಮಾರು ಜನ ಇಲ್ಲೇ ಎಡವುತ್ತಾರೆ, ಅಂಕಿಯ ಚಮತ್ಕಾರ ಕಂಡ ತಕ್ಷಣ ಅದರಲ್ಲಿ ಅದೃಷ್ಟ, ವಾಸ್ತು, ಮೊಬೈಲ್ ನಂಬರಿನ ಯೋಗ ಎಲ್ಲಾ ಹುಡುಕುವುದಕ್ಕೆ ಹೊರಟುಬಿಡುತ್ತಾರೆ.

96 ಭಾಜಕ ಇರುವುದು ಸಂಖ್ಯೆಯ ಸ್ವಂತ ಗುಣ. ಅಷ್ಟು ಕಲ್ಲುಗಳನ್ನು ಅಂಗಳದಲ್ಲಿ ಸುರಿದು, ಅಂಕಿಯನ್ನೇ ಬರೆಯದೆ ಸಾಲಾಗಿ ಜೋಡಿಸಿದರೂ 48 ಬಗೆ ಇದ್ದೇ ಇರುತ್ತವೆ. ಆದರೆ ಆರು ಅಂಕಿಯ ಉಂಗುರ ತಿರುಗುವುದು, ಎದುರುಬದುರು ಒಂಬತ್ತು ಬರುವುದು, 27ರ ಮೊತ್ತ, ಇವೆಲ್ಲ ನಾವು ಬರೆಯುವ ರೀತಿಯ ಗುಣ. ನಮಗೆ ಹತ್ತು ಬೆರಳಿವೆ, ಹತ್ತತ್ತರ ಗಂಟು ಕಟ್ಟಿ ಎಣಿಸುತ್ತೇವೆ, ವಡೆಯನ್ನೂ ಹತ್ತತ್ತು ಚೂರು ಮಾಡಿದೆವು, ಅದಕ್ಕೇ ಆ ಸುತ್ತು ಬಂತು. ಇದೇ ಸಂಖ್ಯೆಯನ್ನು ಕಂಪ್ಯೂಟರ್ ಬರೆಯುವ ಹಾಗೆ ಸೊನ್ನೆ ಒಂದರಲ್ಲೇ ಬರೆದರೆ 10001011100000100100. ಇಪ್ಪತ್ತು ಅಂಕಿ, ಯಾವ ಚೆಲುವೂ ಇಲ್ಲ. ೫೭೧೪೨೮ ಅಂತ ಕನ್ನಡ ಅಂಕಿಯಲ್ಲಿ ಬರೆದರೆ ಮಾತ್ರ ಉಂಗುರ ಹಾಗೇ ಇರುತ್ತದೆ, ಯಾಕೆಂದರೆ ಅಲ್ಲೂ ಹತ್ತರ ಲೆಕ್ಕವೇ. ಹೊಸ ಸಂಖ್ಯೆಯೊಂದರಲ್ಲಿ ಏನಾದರೂ ವಿಶೇಷ ಕಂಡರೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಕಲ್ಲಿನ ರಾಶಿಗೂ ಇದು ನಿಜವಾ, ಇಲ್ಲ ಹಾಳೆಯ ಮೇಲೆ ಮಾತ್ರವಾ?

ಹಾಳೆಯ ಮೇಲಿನದು ಕಳಪೆ ಅಂತ ನಾನು ಹೇಳುತ್ತಿಲ್ಲ. ಅದರಿಂದ ಕೆಲಸಕ್ಕೆ ಬರುವುದೂ ಉಂಟು. ನನ್ನದೇ ಒಂದು ಪೆದ್ದುತನ ಹೇಳುತ್ತೇನೆ.

ತಪ್ಪು ಹಿಡಿಯುವುದು

ಅದೇ ಗೆಳೆಯನ ಮನೆಗೆ ಒಂದು ಪಾರ್ಸೆಲ್ ಕಳಿಸಬೇಕಿತ್ತು. ಫಾರ್ಮಿನಲ್ಲಿ ಅವಸರದಲ್ಲಿ 571482 ಅಂತ ಬರೆದೆ. ಕೊನೆಯ ಎರಡು ಅಂಕಿ ಅದಲು ಬದಲು. ಮೂರು ದಿನಕ್ಕೆ ಮುಟ್ಟಬೇಕಾದ್ದು ಎಲ್ಲೆಲ್ಲೋ ಸುತ್ತಿ ಹನ್ನೆರಡನೇ ದಿನ ತಲುಪಿತು. ಒಳಗಿದ್ದ ಮೈಸೂರ್ ಪಾಕ್ ಕಲ್ಲಾಗಿತ್ತಂತೆ. “ನಾಲ್ಕನ್ನ ಏಳರಿಂದ ಭಾಗ್ಸೋಕೆ ಬರಲ್ವೇನ್ಲಾ ನಿಂಗೆ” ಅಂತ ಇವತ್ತಿಗೂ ರೇಗಿಸುತ್ತಾನೆ.

ಹಳೇ ಕಾಲದ ಲೆಕ್ಕದವರು ತಪ್ಪು ಹಿಡಿಯುವುದಕ್ಕೆ ಅಂಕಿಗಳನ್ನು ಕೂಡಿ ಒಂಬತ್ತು ತೆಗೆಯುತ್ತಿದ್ದರು. ಇಲ್ಲಿ ಆ ಉಪಾಯ ನಡೆಯುವುದಿಲ್ಲ. 571482 ಕೂಡಿದರೂ 27, 571428 ಕೂಡಿದರೂ 27. ಅಂಕಿಗಳು ಅವೇ ಆದ ಮೇಲೆ ಮೊತ್ತ ಬದಲಾಗುವುದು ಹೇಗೆ?

ಹನ್ನೊಂದರ ಪರೀಕ್ಷೆ ಮಾಡಿ. ಬಲಗಡೆಯಿಂದ ಒಂದು ಕೂಡಿ, ಒಂದು ಕಳೆಯುತ್ತಾ ಬನ್ನಿ. ಸರಿಯಾದದ್ದಕ್ಕೆ 8 − 2 + 4 − 1 + 7 − 5 = 11, ಹನ್ನೊಂದರಿಂದ ಹೋಗುತ್ತದೆ. ತಪ್ಪಿದ್ದಕ್ಕೆ 2 − 8 + 4 − 1 + 7 − 5 = −1, ಹೋಗುವುದಿಲ್ಲ. ಸಿಕ್ಕಿಬಿತ್ತು. ಅಕ್ಕಪಕ್ಕದ ಎರಡು ಬೇರೆ ಬೇರೆ ಅಂಕಿಗಳನ್ನು ಅದಲು ಬದಲು ಮಾಡಿದರೆ ಒಂಬತ್ತರ ಪರೀಕ್ಷೆಗೆ ಯಾವತ್ತೂ ಗೊತ್ತಾಗುವುದಿಲ್ಲ, ಹನ್ನೊಂದರ ಪರೀಕ್ಷೆಗೆ ಯಾವತ್ತೂ ತಪ್ಪಿಸಿಕೊಳ್ಳುವುದಿಲ್ಲ. ಹಳೆಯ ಪುಸ್ತಕಗಳ ಹಿಂದೆ ಹತ್ತು ಅಂಕಿಯ ಐಎಸ್‌ಬಿಎನ್ ಇರುತ್ತಿತ್ತಲ್ಲ, ಅದರ ಕೊನೆಯ ಅಂಕಿಯನ್ನು ಹನ್ನೊಂದರ ಲೆಕ್ಕದಲ್ಲಿ ಇಡುತ್ತಿದ್ದುದು ಇದಕ್ಕೇ. ಆಧಾರ್ ಸಂಖ್ಯೆಯಲ್ಲೂ ಕೊನೆಯದು ಇಂಥ ಕಾವಲು ಅಂಕಿ, ಅದರ ಲೆಕ್ಕ ಮಾತ್ರ ಬೇರೆ. ಪಿನ್ ಕೋಡಿಗೆ ಕಾವಲಿಲ್ಲ. ಆದರೆ ಮದ್ದೂರಿನವರಿಗೆ ಅದು ಪುಕ್ಕಟೆಯಾಗಿ ಸಿಕ್ಕಿದೆ, ಅವರ ಪಿನ್ ಹನ್ನೊಂದರಿಂದ ಹೋಗುತ್ತದೆ.

ಇನ್ನೊಂದು ಪರೀಕ್ಷೆ ಕ್ಯಾಲ್ಕುಲೇಟರ್ ಇದ್ದವರಿಗೆ. ಬರೆದ ಪಿನ್ನನ್ನು ಏಳರಿಂದ ಭಾಗಿಸಿ. 571428 ÷ 7 = 81632.571428… ಬಿಂದುವಿನ ಆಚೆ ಅದೇ ಪಿನ್ ಎದ್ದು ಬಂದರೆ ಸರಿಯಾಗಿ ಬರೆದಿದ್ದೀರಿ. ತಪ್ಪಾಗಿದ್ದ 571482ಕ್ಕೆ 285714 ಬರುತ್ತದೆ. ಇದಕ್ಕಿಂತ ಚಂದದ ಪರೀಕ್ಷೆ ನನಗೆ ಗೊತ್ತಿಲ್ಲ.

ಈಗ ನಿಮ್ಮೂರಿನದು

ಎಲ್ಲಾ ಪಿನ್ ಕೋಡಿಗೂ ಉಂಗುರ ಇರುವುದಿಲ್ಲ, ಆದರೆ ಎಲ್ಲದಕ್ಕೂ ಅಪವರ್ತನ ಇದೆ. ಮಧ್ಯಕ್ಕೆ ಮುರಿಯಿರಿ, ಕೂಡಿ, ಕಳೆಯಿರಿ, ಅಲ್ಲಿಂದ ಶುರು ಮಾಡಿ.

ಮಂಡ್ಯದ 571401 ಮಾಡೋಣ. 571 + 401 = 972, ಅದು 27 × 36. ಹಾಗಾದರೆ ಇಡೀ ಸಂಖ್ಯೆ 27ರಿಂದ ಹೋಗುತ್ತದೆ, ಉತ್ತರ 21163. ಇದನ್ನು ಇನ್ನೂ ಒಡೆಯಲು ಹೋದೆ. ಇದರ ವರ್ಗಮೂಲ 145 ಚಿಲ್ಲರೆ, ಹಾಗಾಗಿ 139ರವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಒಂದರಿಂದಲೂ ಹೋಗಲಿಲ್ಲ, ಅದೇ ಅವಿಭಾಜ್ಯ. ಭಾಜಕಗಳು ಎಂಟೇ. ಆಗ ಮದ್ದೂರಿನದನ್ನೂ 27ರಿಂದ ಭಾಗಿಸಿದೆ. 21164! ಎರಡೂ ಪಕ್ಕಪಕ್ಕದ ಮನೆ. ಒಂದು ಬಾಗಿಲು ಹಾಕಿಕೊಂಡು ಕೂತಿದೆ, ಇನ್ನೊಂದರಲ್ಲಿ ಮನೆ ತುಂಬಾ ಜನ.

ಮೈಸೂರಿನ ಪ್ರಧಾನ ಅಂಚೆ ಕಚೇರಿಯ 570001 ಇನ್ನೂ ಬಿಗಿ. 570 + 1 = 571, 570 − 1 = 569, ಎರಡರಿಂದಲೂ ಏನೂ ಗಿಟ್ಟುವುದಿಲ್ಲ. ವರ್ಗಮೂಲ 755ರ ಹತ್ತಿರ. 751ರವರೆಗಿನ 133 ಅವಿಭಾಜ್ಯಗಳಿಂದಲೂ ಭಾಗಿಸಿ ನೋಡಬೇಕು. ಒಂದು ಭಾನುವಾರ ಮಧ್ಯಾಹ್ನ ಕೂತು ಮಾಡಿದೆ, ಎರಡು ಲೋಟ ಕಾಫಿ ಖರ್ಚಾಯಿತು. 19ಕ್ಕೆ 1 ಉಳಿಯಿತು, 59ಕ್ಕೆ 2 ಉಳಿಯಿತು, 227ಕ್ಕೆ 4 ಉಳಿಯಿತು, ಈಗ ಹೋಗುತ್ತದೆ ಈಗ ಹೋಗುತ್ತದೆ ಅಂತ ಆಸೆ ತೋರಿಸಿ ತೋರಿಸಿ ಕೊನೆಗೆ 751ಕ್ಕೆ 743 ಉಳಿಸಿ ಕೈ ಎತ್ತಿತು. ಅವಿಭಾಜ್ಯ. ಅರಮನೆ ಊರಿನ ಪಿನ್ನಿಗೆ ಒಂದು ಮತ್ತು ತಾನು ಬಿಟ್ಟರೆ ಭಾಜಕವೇ ಇಲ್ಲ.

ಶ್ರೀರಂಗಪಟ್ಟಣದವರು 571438 ತೆಗೆದುಕೊಳ್ಳಿ. ಸರಿ ಸಂಖ್ಯೆ, ಎರಡರಿಂದ ಹೋಗುತ್ತದೆ, 285719 ಉಳಿಯುತ್ತದೆ. ಅಲ್ಲಿಂದ ಮುಂದಿನದು ನಿಮ್ಮ ಪಾಲಿಗೆ, 534ರ ಒಳಗಿನ ಅವಿಭಾಜ್ಯಗಳು ಸಾಕು.